ಕೊಲ್ಲುವುದೂ ನೀಲಿ, ಕಲೆ ಮಾಡುವುದೂ ನೀಲಿ

ಚರ್ಮದ ಡಾಕ್ಟರ ಹತ್ತಿರ ಒಂದು ದೀಪ ಇರುತ್ತದೆ. ವುಡ್ಸ್ ಲ್ಯಾಂಪ್ ಅಂತ ಹೆಸರು. ಕೋಣೆ ಕತ್ತಲು ಮಾಡಿ ಅದರ ಅತಿನೇರಳೆ ಬೆಳಕನ್ನು ಜಿಡ್ಡು ಮುಖದ ಮೇಲೆ ಬಿಟ್ಟರೆ, ಮೂಗು ಹಣೆಯ ಮೇಲೆಲ್ಲ ಸಣ್ಣ ಸಣ್ಣ ಕಿತ್ತಳೆ ಚುಕ್ಕಿಗಳು ಹೊಳೆಯುತ್ತವೆ. ಹೊಳೆಯುವುದು ನಮ್ಮ ಚರ್ಮವಲ್ಲ. ಅದರ ರಂಧ್ರಗಳಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾ ತಯಾರಿಸಿದ ಪಾರ್ಫಿರಿನ್ ಎಂಬ ವಸ್ತು.

ಆ ಬ್ಯಾಕ್ಟೀರಿಯಾ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್. ಮೊಡವೆ ಇಲ್ಲದವರ ಮುಖದಲ್ಲೂ ಇದು ಇರುತ್ತದೆ. ಹಾಗಾಗಿ ಇದೊಂದನ್ನೇ ಬೈದು ಪ್ರಯೋಜನವಿಲ್ಲ. ಹರೆಯದಲ್ಲಿ ಹಾರ್ಮೋನು ಏರಿ ಚರ್ಮದ ಎಣ್ಣೆ ಜಾಸ್ತಿಯಾಗುತ್ತದೆ. ರಂಧ್ರದ ಬಾಯಿಗೆ ಸತ್ತ ಚರ್ಮ ಅಂಟಿಕೊಂಡು ಬಿರಡೆ ಬಿದ್ದಂತಾಗುತ್ತದೆ. ಒಳಗೆ ಗಾಳಿಯಿಲ್ಲ, ತಿನ್ನಲು ಬೇಕಾದಷ್ಟು ಎಣ್ಣೆ. ಅಲ್ಲಿ ಇದು ಬೆಳೆದಂತೆ ದೇಹದ ಕಾವಲು ಕೋಶಗಳು ನುಗ್ಗುತ್ತವೆ. ಕೆಂಪಾಗಿ, ಊದಿ, ಕೀವು ತುಂಬುತ್ತದೆ. ಉರಿಯೂತ ಅನ್ನುವುದು ಇದನ್ನೇ.

ಪಾರ್ಫಿರಿನ್‌ಗೆ 415 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದ) ಆಸುಪಾಸಿನ ನೀಲಿ ಬೆಳಕೆಂದರೆ ಬಲು ಹಸಿವು. ಅದನ್ನು ಹೀರಿ, ಸಿಕ್ಕ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಬ್ಯಾಕ್ಟೀರಿಯಾವನ್ನೇ ಸುಡುತ್ತದೆ. ತಾನೇ ಕೂಡಿಟ್ಟ ಸಿಡಿಮದ್ದಿಗೆ ಕಿಡಿ ಬಿದ್ದ ಹಾಗೆ! ಮೊಡವೆಗೆ ನೀಲಿ ಬೆಳಕಿನ ಚಿಕಿತ್ಸೆ ಕೊಡುವುದು ಇದಕ್ಕೇ. ಕೆಂಪು ಬೆಳಕು ಚರ್ಮದ ಇನ್ನಷ್ಟು ಆಳಕ್ಕೆ ಇಳಿದು ಉರಿಯೂತ ತಗ್ಗಿಸುತ್ತದೆ ಎನ್ನುತ್ತಾರೆ. 2000ನೇ ಇಸವಿಯಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಎರಡನ್ನೂ ಸೇರಿಸಿ 12 ವಾರ ಕೊಟ್ಟಾಗ ಉರಿಯೂತದ ಮೊಡವೆಗಳಲ್ಲಿ ಸರಾಸರಿ ಶೇ. 76ರಷ್ಟು ಸುಧಾರಣೆ ಕಂಡಿತು. ಆದರೆ ಈ ಬಗೆಯ ಪ್ರಯೋಗಗಳಲ್ಲಿ ಹೆಚ್ಚಿನವು ಚಿಕ್ಕವು. 2016ರಲ್ಲಿ ಅವನ್ನೆಲ್ಲ ಒಟ್ಟಿಗೆ ಜರಡಿ ಹಿಡಿದ ಕಾಕ್ರೇನ್ ಎಂಬ ಸಂಶೋಧಕರ ಜಾಲದ ಪರಿಶೀಲನೆಗೆ ಗಟ್ಟಿ ಪುರಾವೆ ಸಿಗಲಿಲ್ಲ.

ನಮ್ಮಂಥ ಕಂದು ಚರ್ಮದವರಿಗೆ ಇನ್ನೊಂದು ತಕರಾರಿದೆ. ನಮಗೆ ಮೊಡವೆ ವಾರದಲ್ಲಿ ಹೋದರೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಕೂತಿರುತ್ತದೆ, ಅಲ್ವಾ? 2014ರ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಇದೇ 415 ನ್ಯಾನೊಮೀಟರಿನ ನೀಲಿ ಬೆಳಕು ಕಂದು ಛಾಯೆಯ ಚರ್ಮವನ್ನು ಕಪ್ಪಾಗಿಸಿತು. ಬಣ್ಣ ವಾರಗಟ್ಟಲೆ ಮಾಸಲಿಲ್ಲ. ಕೆಂಪು ಬೆಳಕಿನಿಂದ ಹಾಗಾಗಲಿಲ್ಲ. ಬಣ್ಣ ತಯಾರಿಸುವ ಕೋಶದಲ್ಲಿ ಆಪ್ಸಿನ್-3 ಎಂಬ ಪ್ರೋಟೀನು ನೀಲಿ ಬೆಳಕನ್ನು ಗುರುತಿಸುತ್ತದೆ. ಒಂದು ರೀತಿಯಲ್ಲಿ ಚರ್ಮಕ್ಕೂ ಕಣ್ಣಿದೆ!

ಬಿಸಿಲಿನಲ್ಲೂ ಈ ನೀಲಿ ಇದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅತಿನೇರಳೆಯನ್ನು ತಡೆಯುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ಬಿಟ್ಟುಬಿಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬೇಕು. ನಮ್ಮ ಕೆಮ್ಮಣ್ಣು ಕೆಂಪಗಿರುವುದೂ ಐರನ್ ಆಕ್ಸೈಡಿನಿಂದಲೇ.

ಹಚ್ಚುವ ಮದ್ದಿಗೆ ಬಂದರೆ, ಬೆಳಕು ಮಾಡುವ ಕೆಲಸವನ್ನೇ ಬೆಂಜಾಯಿಲ್ ಪೆರಾಕ್ಸೈಡ್ ಕತ್ತಲಲ್ಲೂ ಮಾಡುತ್ತದೆ. ಬ್ಯಾಕ್ಟೀರಿಯಾವನ್ನು ಸುಡುತ್ತದೆ. ಆಂಟಿಬಯೋಟಿಕ್‌ಗಳಿಗೆ ಒಗ್ಗಿಕೊಂಡ ಹಾಗೆ ಅವು ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಶೇ. 2.5ರದ್ದು ಶೇ. 10ರದ್ದರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಹಾಗಿರುವಾಗ ಜಾಸ್ತಿಯದ್ದನ್ನು ಸುಮ್ನೆ ಯಾಕೆ ಹಚ್ಚಬೇಕು? ಟವೆಲ್, ದಿಂಬಿನ ಕವರ್ ಬಣ್ಣ ಬಿಡುತ್ತವೆ, ಎಚ್ಚರ. ರಂಧ್ರದ ಬಿರಡೆ ತೆಗೆಯಲು ಟ್ರೆಟಿನಾಯಿನ್ ಎಂಬ ಮದ್ದಿದೆ. ಬೆಳಕು ಬಿದ್ದರೆ ಅದೇ ಹಾಳಾಗುತ್ತದೆ, ಅದಕ್ಕೇ ರಾತ್ರಿ ಹಚ್ಚಲು ಹೇಳುವುದು. ಅದೇ ಕೆಲಸ ಮಾಡುವ ಅಡಾಪಲೀನ್‌ಗೆ ಆ ತೊಂದರೆಯಿಲ್ಲ.

ನನಗೆ ನಿಜಕ್ಕೂ ಭಯವಾಗುವುದು ಉರಿಯೂತ ಅಡಗಿಸುವ ಸ್ಟೀರಾಯ್ಡ್ ಎಂಬ ಮದ್ದು ಬೆರೆತ 'ಬೆಳ್ಳಗಾಗುವ' ಕ್ರೀಮುಗಳದ್ದು. ಎರಡೇ ದಿನದಲ್ಲಿ ಕೆಂಪು ಮಾಯ. ಆಮೇಲೆ ಚರ್ಮ ತೆಳುವಾಗುತ್ತದೆ, ಹೊಸ ಮೊಡವೆ ಏಳುತ್ತದೆ, ಬಿಸಿಲಿಗೆ ಮುಖವೊಡ್ಡಿದರೆ ಧಗಧಗ ಉರಿ. ಬಿಟ್ಟರೆ ಇನ್ನೂ ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಹಚ್ಚುವ ಮದ್ದನ್ನು ಡಾಕ್ಟರ ಚೀಟಿಯಿಲ್ಲದೆ ಮಾರದಂತೆ ಮಾಡಿತು. ಮನೆಯ ಕಪಾಟಿನಲ್ಲಿ ಯಾರೋ ಗೆಳತಿ ಹೇಳಿದ ಟ್ಯೂಬ್ ಇದ್ದರೆ ತಿರುಗಿಸಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು ಸ್ಟೀರಾಯ್ಡೇ.