ಬರ ಮೊದಲು ಕಾಣುವುದು ಹಸಿರಿನಲ್ಲಲ್ಲ

ಉಪಗ್ರಹ ಬರವನ್ನು ಗುರುತಿಸುತ್ತದೆ ಎಂದೊಡನೆ ಬಹಳ ಮಂದಿಯ ಕಣ್ಣೆದುರು ಬರುವುದು ಆಕಾಶದಲ್ಲಿ ತೂಗಿಬಿಟ್ಟ ದೊಡ್ಡ ಕ್ಯಾಮೆರಾ, ಅದರ ಕೆಳಗೆ ಒಣಗಿ ಕಂದಾದ ಹೊಲ. ಈ ಕಲ್ಪನೆ ಇರುವವರೆಗೆ ದೂರಸಂವೇದನೆಯ, ಅಂದರೆ ದೂರದಿಂದಲೇ ನೆಲವನ್ನು ಅಳೆಯುವ ವಿದ್ಯೆಯ, ನಿಜವಾದ ಸೊಗಸು ದಕ್ಕುವುದಿಲ್ಲ. ಕಂದಾದ ಹೊಲವನ್ನು ಕಾಣಲು ಬರಿಗಣ್ಣೇ ಸಾಕು, ಆದರೆ ಅಷ್ಟು ಹೊತ್ತಿಗೆ ಬೆಳೆ ಕೈತಪ್ಪಿರುತ್ತದೆ.

ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಕೆಂಪಿನಾಚೆಗೆ, ನಮ್ಮ ಕಣ್ಣಿಗೆ ನಿಲುಕದ ಸಮೀಪ ಅವಗೆಂಪು ಬೆಳಕಿನಲ್ಲಿ ಅದೇ ಎಲೆ ಹಿಮದಂತೆ ಹೊಳೆಯುತ್ತದೆ. 1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಪ್ರಕಟಿಸಿದ ಅವಗೆಂಪು ಛಾಯಾಚಿತ್ರಗಳಲ್ಲಿ ಮರಗಳು ಕಪ್ಪು ಆಕಾಶದೆದುರು ಬೆಳ್ಳಗೆ ನಿಂತಿದ್ದವು. ಎಲೆಯ ತೆಳುವಾದ ಅಡ್ಡಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾರಣ ತಿಳಿಯುತ್ತದೆ: ಒದ್ದೆ ಜೀವಕೋಶಗಳು ಸಡಿಲವಾಗಿ ಹರಡಿಕೊಂಡಿರುತ್ತವೆ, ನಡುನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ. ನೀರಿಗೂ ಬಣ್ಣವಿಲ್ಲ, ಗಾಳಿಗೂ ಇಲ್ಲ, ಆದರೂ ಅವೆರಡೂ ಬೆರೆತ ನೊರೆ ಬೆಳ್ಳಗಿರುತ್ತದೆ. ಗಾಜಿನ ಹಲಗೆ ಪಾರದರ್ಶಕವಾಗಿದ್ದರೂ ಅದನ್ನು ಕುಟ್ಟಿದ ಪುಡಿ ಬಿಳಿ. ಮಂಜುಗಡ್ಡೆಯ ತುಂಡಿಗೂ ಅದರ ತುರಿಗೂ ಇರುವ ವ್ಯತ್ಯಾಸವೂ ಇದೇ. ನೀರು ಮತ್ತು ಗಾಳಿ ಸಂಧಿಸುವ ಪ್ರತಿ ಗಡಿಯಲ್ಲೂ ಬೆಳಕು ಬಾಗುತ್ತ, ಪುಟಿಯುತ್ತ, ಕೊನೆಗೆ ಸುಮಾರು ಅರ್ಧದಷ್ಟು ಬಂದ ದಾರಿಗೇ ಮರಳುತ್ತದೆ. ಆ ಸಂದುಗಳೊಳಕ್ಕೆ ನೀರು ತುಂಬಿಸಿದರೆ ಎಲೆಯ ಅವಗೆಂಪು ಹೊಳಪು ಇಳಿಯುತ್ತದೆ. ಎಲೆಯೊಂದು ಹೆಪ್ಪುಗಟ್ಟಿದ ನೊರೆ ಎಂದು ಭಾವಿಸಿದರೆ ಮುಂದಿನದೆಲ್ಲ ಸಲೀಸು.

1972ರಲ್ಲಿ ಮೇಲೇರಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಕೆಂಪನ್ನೂ ಅವಗೆಂಪನ್ನೂ ಬೇರೆಬೇರೆಯಾಗಿ ಅಳೆಯಿತು. ಅಮೆರಿಕದ ಮಹಾ ಬಯಲಿನ ಹುಲ್ಲುಗಾವಲುಗಳನ್ನು ಅಭ್ಯಸಿಸುತ್ತಿದ್ದ ವಿಜ್ಞಾನಿಗಳು ಅವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರು. ಇಂದು ಎನ್‌ಡಿವಿಐ ಎಂದು ಕರೆಯುವ ಸಸ್ಯ ಸೂಚ್ಯಂಕ ಇದೇ. ಸೊಂಪಾದ ಪೈರು ಅವಗೆಂಪಿನ ಶೇ. 45ನ್ನೂ ಕೆಂಪಿನ ಶೇ. 5ನ್ನೂ ಹಿಂದಿರುಗಿಸಿದರೆ ಸೂಚ್ಯಂಕ 0.8. ಎಲೆ ಜೋತು, ಉದುರಿ, ನಡುವೆ ಮಣ್ಣು ಇಣುಕಿದಾಗ ಅವು ಶೇ. 30 ಮತ್ತು 20 ಆದರೆ ಸೂಚ್ಯಂಕ 0.2ಕ್ಕೆ ಕುಸಿಯುತ್ತದೆ.

ಆದರೆ ಈ ಅಂಕಿಯೊಂದೇ ಬರವನ್ನು ಹೇಳುವುದಿಲ್ಲ, ಇಲ್ಲಿಯೇ ಪತ್ರಿಕಾ ವರದಿಗಳು ಸಾಮಾನ್ಯವಾಗಿ ಎಡವುವುದು. ಕುರುಚಲು ನೆಲದಲ್ಲಿ 0.4 ಸಮೃದ್ಧಿಯ ಗುರುತಾದರೆ, ಫಲವತ್ತಾದ ಕಣಿವೆಯಲ್ಲಿ ಅದೇ 0.4 ಆತಂಕದ ಗುರುತು. ಅದಕ್ಕಾಗಿಯೇ ಫೆಲಿಕ್ಸ್ ಕೋಗನ್ ಎಂಬ ವಿಜ್ಞಾನಿ ಪ್ರತಿಯೊಂದು ಜಾಗವನ್ನೂ ಅದರದೇ ಹಿಂದಿನ ವರ್ಷಗಳೊಂದಿಗೆ ಹೋಲಿಸುವ ಅಳತೆಯನ್ನು ರೂಪಿಸಿದರು. ಒಂದು ತಾಣದಲ್ಲಿ ವರ್ಷದ ಇದೇ ವಾರದ ದಾಖಲೆಗಳಲ್ಲಿ ಕನಿಷ್ಠ 0.3, ಗರಿಷ್ಠ 0.7 ಇದ್ದರೆ ಕನಿಷ್ಠಕ್ಕೆ ಸೊನ್ನೆ, ಗರಿಷ್ಠಕ್ಕೆ ನೂರು ಅಂಕ; ಈಗ 0.4 ಇದೆಯೆಂದರೆ ಅದಕ್ಕೆ ನೂರಕ್ಕೆ 25 ಅಂಕ. ದಶಕಗಳ ಹಳೆಯ ಚಿತ್ರಗಳನ್ನು ಜೋಪಾನ ಮಾಡುವುದು ಹೊಸ ಉಪಗ್ರಹ ಹಾರಿಸುವಷ್ಟೇ ಮುಖ್ಯವೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಸೂಚ್ಯಂಕ ಕುಸಿಯುವ ಮೊದಲೇ ಗಿಡ ಬೇರೊಂದು ಸುಳಿವು ಕೊಟ್ಟಿರುತ್ತದೆ. ಬೇರಿಗೆ ನೀರು ಸಾಲದಾದಾಗ ಅದು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆವಿಯಾಗುವ ನೀರಿನ ತಂಪು ತಪ್ಪಿ ಎಲೆ ಬಿಸಿಯಾಗುತ್ತದೆ. ಹಸಿರು ಮಾಸದಿದ್ದರೂ ಈ ಕಾವನ್ನು ಉಪಗ್ರಹದ ಉಷ್ಣ ಸಂವೇದಕಗಳು ಅಳೆಯಬಲ್ಲವು. ಅದಕ್ಕೂ ಮುಂಚೆ ಒಣಗುವುದು ಮಣ್ಣು. 2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹ ನೆಲ ತಾನಾಗಿಯೇ ಹೊರಸೂಸುವ ಮೈಕ್ರೋವೇವ್ ಅಲೆಗಳನ್ನು ಆಲಿಸುತ್ತದೆ. ಮಣ್ಣು ಒದ್ದೆಯಾದಷ್ಟೂ ಆ ಅಲೆಗಳು ಕ್ಷೀಣಿಸುತ್ತವೆ. ಮೋಡ ಇವುಗಳಿಗೆ ಅಡ್ಡಿಯಲ್ಲ, ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಉಪಗ್ರಹಕ್ಕೆ ಭೂಗರ್ಭದ ನೀರೆಲ್ಲ ಕಾಣುತ್ತದೆಂದು ನಂಬಿದವರು ಇಲ್ಲಿ ಗಮನಿಸಬೇಕು: ಸ್ಮ್ಯಾಪ್ ನೇರವಾಗಿ ಅಳೆಯುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣನ್ನು ಮಾತ್ರ, ಅದೂ ಸರಿಸುಮಾರು 40 ಕಿಲೋಮೀಟರ್ ಅಗಲದ ಪ್ರದೇಶಕ್ಕೆ ಒಂದು ಅಂಕಿಯಂತೆ. ಅಷ್ಟು ಜಾಗದಲ್ಲಿ ಕಾಲುವೆ ನೀರುಂಡ ಹೊಲವೂ ಮಳೆಯನ್ನೇ ನಂಬಿದ ಹೊಲವೂ ಒಂದೇ ಸರಾಸರಿಯೊಳಗೆ ಕರಗಿಹೋಗುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ವಿವರದ ಚಿತ್ರ ಅವೆರಡನ್ನೂ ಬೇರ್ಪಡಿಸಬಲ್ಲದು, ಆದರೆ ಮೋಡ ಸರಿದ ದಿನ ಮಾತ್ರ.