ಬೀಟಲ್ಸ್ ಒಡೆದದ್ದು ಯಾವ ದಿನ?

ಇಂಗ್ಲೆಂಡಿನ ನಾಲ್ವರ ಬ್ಯಾಂಡ್ ಬೀಟಲ್ಸ್ ಯಾವಾಗ ಒಡೆಯಿತು ಅಂತ ಕೇಳಿದರೆ ಹೆಚ್ಚಿನವರು ಹೇಳುವ ತಾರೀಕು 1970ರ ಏಪ್ರಿಲ್ 10. ಪಾಲ್ ಮೆಕಾರ್ಟ್ನಿ ಬ್ಯಾಂಡ್ ಬಿಟ್ಟರು ಅಂತ ಡೈಲಿ ಮಿರರ್ ಪತ್ರಿಕೆ ಮುಖಪುಟದಲ್ಲಿ ಹಾಕಿದ್ದು ಆವತ್ತೇ. ಆದರೆ ಜಾನ್ ಲೆನನ್ ಅದಕ್ಕೂ ಏಳು ತಿಂಗಳ ಹಿಂದೆಯೇ ಹೊರಟಾಗಿತ್ತು. ಕೋರ್ಟಿನ ಕಾಗದ ನೋಡಿದರೆ 1975ರವರೆಗೂ ನಾಲ್ವರು ಪಾಲುದಾರರೇ!

ಲಿವರ್‌ಪೂಲ್‌ನ ಹುಡುಗರು ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ಪಳಗಿ, 1964ರಲ್ಲಿ ಅಮೆರಿಕ ಗೆದ್ದು, 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟ ಕೊನೆಯ ಸಂಗೀತ ಕಛೇರಿ ಮುಗಿಸಿದ ಕಥೆ ಗೊತ್ತಿರುವುದೇ. ಗಮನಿಸಬೇಕಾದ್ದು ಅದರ ಮರುವರ್ಷ. 1967ರ ಆಗಸ್ಟ್ 27ರಂದು ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ ತೀರಿಕೊಂಡರು. ವಯಸ್ಸು ಬರೀ 32. ದುಡ್ಡು, ಕರಾರು, ತಕರಾರು ಎಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಮುಂದಿನ ಫೆಬ್ರವರಿಯಲ್ಲಿ ನಾಲ್ವರೂ ಋಷಿಕೇಶಕ್ಕೆ ಬಂದರು. ಒಡಕು ಶುರುವಾದದ್ದು ಅಲ್ಲೇ ಅನ್ನುವವರಿದ್ದಾರೆ. ಆದರೆ ಅಷ್ಟೊಂದು ಹಾಡು ಒಟ್ಟಿಗೆ ಹುಟ್ಟಿದ್ದೂ ಅಲ್ಲೇ ಅಲ್ವಾ?

ನಿಜವಾದ ಗೋಜಲು 1969ರದ್ದು. ಜನವರಿ 10ರಂದು ಜಾರ್ಜ್ ಹ್ಯಾರಿಸನ್ ರಿಹರ್ಸಲ್ ಬಿಟ್ಟು ಎದ್ದು ನಡೆದರು. ಕೆಲವು ದಿನಗಳಲ್ಲಿ ವಾಪಸ್ ಬಂದರು. ಜನವರಿ 30ರಂದು ಲಂಡನ್‌ನ ಸ್ಯಾವಿಲ್ ರೋನಲ್ಲಿ ತಮ್ಮದೇ ಆಫೀಸಿನ ತಾರಸಿ ಹತ್ತಿ, ಚಳಿಯಲ್ಲಿ 42 ನಿಮಿಷ ನುಡಿಸಿದರು. ಪೊಲೀಸರು ಬಂದ ಮೇಲೆ ನಿಲ್ಲಿಸಿದರು. ಆ ದೃಶ್ಯ ನೋಡಿದರೆ ಇವರು ಬೇರೆಯಾಗುತ್ತಾರೆ ಅಂತ ಅನ್ನಿಸುವುದೇ ಇಲ್ಲ.

ಮ್ಯಾನೇಜರ್ ವಿಷಯಕ್ಕೆ ಬಂದಾಗ ಮಾತ್ರ ಮನೆ ಇಬ್ಭಾಗ. ಲೆನನ್, ಹ್ಯಾರಿಸನ್, ರಿಂಗೋ ಸ್ಟಾರ್ ಮೂವರೂ ನ್ಯೂಯಾರ್ಕ್‌ನ ಅಲನ್ ಕ್ಲೈನ್ ಬೇಕೆಂದರು. ಪಾಲ್‌ಗೆ ಹೆಂಡತಿ ಲಿಂಡಾಳ ಅಪ್ಪ, ವಕೀಲ ಲೀ ಈಸ್ಟ್‌ಮನ್ ಕಡೆಯವರು ಬೇಕಿತ್ತು. ಈ ಜಗ್ಗಾಟದ ನಡುವೆಯೇ ಲೆನನ್–ಮೆಕಾರ್ಟ್ನಿ ಹಾಡುಗಳ ಹಕ್ಕಿದ್ದ ನಾರ್ದರ್ನ್ ಸಾಂಗ್ಸ್ ಕಂಪನಿ ಎಟಿವಿ ಅನ್ನುವ ಬ್ರಿಟಿಷ್ ಟಿವಿ ಕಂಪನಿಯ ಪಾಲಾಯಿತು. ತಾವೇ ಬರೆದ ಹಾಡು, ಯಜಮಾನಿಕೆ ಇನ್ಯಾರದೋ.

ಇಷ್ಟಾದರೂ ಅದೇ ಬೇಸಿಗೆಯಲ್ಲಿ 'ಆ್ಯಬಿ ರೋಡ್' ಆಲ್ಬಮ್ ಮಾಡಿ ಮುಗಿಸಿದರು. ನಾಲ್ವರೂ ಕೊನೆಯ ಸಲ ಒಟ್ಟಿಗೆ ಸ್ಟುಡಿಯೋದಲ್ಲಿದ್ದದ್ದು ಆಗಸ್ಟ್ 20ರಂದು. ಸೆಪ್ಟೆಂಬರ್ 20ರಂದು ತಾನು ಬಿಡುತ್ತಿದ್ದೇನೆ ಅಂತ ಲೆನನ್ ಹೇಳಿಬಿಟ್ಟರು. ರಾಯಲ್ಟಿ ಜಾಸ್ತಿ ಮಾಡುವ ಹೊಸ ಕರಾರಿಗೆ ಸಹಿ ಬೀಳುತ್ತಿದ್ದ ಹೊತ್ತು ಅದು. ಹಾಗಾಗಿ ಸುದ್ದಿ ಹೊರಗೆ ಬಿಡಲಿಲ್ಲ. ಕೊನೆಗೆ ಅದನ್ನು ಜಗತ್ತಿಗೆ ತಿಳಿಸಿದಂತಾದದ್ದು ಪಾಲ್, ತಮ್ಮ ಒಂಟಿ ಆಲ್ಬಮ್ ಜೊತೆ ಕೊಟ್ಟ ಪ್ರಶ್ನೋತ್ತರದ ಹಾಳೆಯಲ್ಲಿ. ಬಿಟ್ಟವನು ಅನ್ನುವ ಹೆಸರೂ ಅವರಿಗೇ ಅಂಟಿತು.

ಒಡಕಿನ ತಪ್ಪನ್ನು ಲೆನನ್ ಹೆಂಡತಿ ಯೋಕೋ ಓನೋ ಮೇಲೆ ಹೊರಿಸುವುದಂತೂ ಐವತ್ತು ವರ್ಷಗಳ ಚಾಳಿ. ಸ್ಟುಡಿಯೋದಲ್ಲಿ ಲೆನನ್ ಪಕ್ಕ ಕೂತಿದ್ದ ಹೆಂಗಸು ಎಲ್ಲರಿಗೂ ಕಂಡರು, ಲೆಕ್ಕದ ಪುಸ್ತಕ ಯಾರಿಗೂ ಕಾಣಲಿಲ್ಲ. 1970ರ ಡಿಸೆಂಬರ್ 31ರಂದು ಪಾಲುದಾರಿಕೆ ಮುರಿಯಲು ಪಾಲ್ ಹಾಕಿದ ದಾವೆಯಲ್ಲಿ ಇದ್ದದ್ದು ಒಪ್ಪಿಗೆಯಿಲ್ಲದೆ ಬಂದ ಮ್ಯಾನೇಜರ್, ಸಿಗದ ಲೆಕ್ಕಪತ್ರ, ತಮ್ಮ ಕೆಲಸದಲ್ಲಿ ಬೇರೆಯವರು ಕೈಯಾಡಿಸಿದ ದೂರು. ಕ್ಲೈನ್ ಪಾಲುದಾರರಲ್ಲ. ಹಾಗಾಗಿ ದಾವೆ ಹಾಕಬೇಕಾದದ್ದು ಮೂವರು ಗೆಳೆಯರ ಮೇಲೆ. 1971ರ ಮಾರ್ಚ್‌ನಲ್ಲಿ ಪಾಲುದಾರಿಕೆಯ ಆಸ್ತಿ, ಲೆಕ್ಕ ನೋಡಿಕೊಳ್ಳಲು ಕೋರ್ಟ್ ಒಬ್ಬ ರಿಸೀವರ್‌ನನ್ನು ನೇಮಿಸಿತು. 1973ರಲ್ಲಿ ಆ ಮೂವರೂ ಕ್ಲೈನ್ ಜೊತೆಗಿನ ಕರಾರು ಮುಂದುವರಿಸಲಿಲ್ಲ. ಆಮೇಲೆ ಆ ಮೂವರಿಗೂ ಕ್ಲೈನ್‌ಗೂ ನಡುವೆಯೇ ಕೇಸು.

ಒಲೆ ಬೇರೆಯಾದ ಎಷ್ಟೋ ವರ್ಷದ ಮೇಲೆ ಪಾಲುಪತ್ರಕ್ಕೆ ಸಹಿ ಬೀಳುವುದು ನಮ್ಮ ಕಡೆಯೂ ಇದೆ. ಇಲ್ಲಿ ಕೊನೆಯ ಸಹಿ ಲೆನನ್ ಅವರದು. 1974ರ ಡಿಸೆಂಬರ್ 29ರಂದು, ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಹೋಟೆಲಿನಲ್ಲಿ. 1975ರ ಜನವರಿ 9ರಂದು ಪಾಲುದಾರಿಕೆ ಕಾನೂನಿನ ಪ್ರಕಾರ ಮುಗಿಯಿತು. ಆದರೆ ಅವರು 1968ರಲ್ಲಿ ಶುರು ಮಾಡಿದ ಆ್ಯಪಲ್ ಕಂಪನಿ (ಫೋನ್ ಮಾಡುವ ಆ್ಯಪಲ್ ಅಲ್ಲ) ಮುಚ್ಚಲಿಲ್ಲ. 2023ರ ನವೆಂಬರ್ 2ರಂದು ಬೀಟಲ್ಸ್ ಹೆಸರಿನಲ್ಲೇ ಬಂದ ಹಾಡನ್ನು ಹೊರತಂದದ್ದೂ ಅದೇ.