ಹೊಗೆ ಮಜ್ಜೆ ತಲುಪುವ ದಾರಿ

ಸಿಗರೇಟು ಶ್ವಾಸಕೋಶವನ್ನು ಕೆಡಿಸುತ್ತದೆ ಎಂದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಹೊಗೆ ಹೋಗುವುದೇ ಅಲ್ಲಿಗೆ. ಆದರೆ ಮೂಳೆಯೊಳಗೆ ಅಡಗಿ ರಕ್ತಕಣಗಳನ್ನು ಹುಟ್ಟಿಸುವ ಮಜ್ಜೆಗೂ ಹೊಗೆಗೂ ಏನು ನಂಟು? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಗಲು ಅರ್ಧ ಶತಮಾನ ಹಿಡಿಯಿತು.

ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಂಬಂಧವನ್ನು ಬ್ರಿಟನ್‌ನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲೇ ತೋರಿಸಿದ್ದರು. 1964ರಲ್ಲಿ ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ, ಅಷ್ಟು ಸುಲಭವಾಗಿ ಕೈಗೆ ಸಿಗಲಿಲ್ಲ. ವಿಪರೀತ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇಪ್ಪತ್ತು ಪಟ್ಟಿನ ಆಸುಪಾಸಿನಲ್ಲಿದ್ದರೆ, ಲ್ಯುಕೇಮಿಯಾದಲ್ಲಿ ಅದು ಒಂದೂವರೆ ಪಟ್ಟಿನಷ್ಟು. ಕಾಯಿಲೆಯೂ ಅಪರೂಪದ್ದು. ಇಷ್ಟು ಸಣ್ಣ ವ್ಯತ್ಯಾಸ ಕಾಣಬೇಕಾದರೆ ಲಕ್ಷಗಟ್ಟಲೆ ಜನರನ್ನು ವರ್ಷಗಟ್ಟಲೆ ಗಮನಿಸಬೇಕು.

ಇದಕ್ಕಿಂತ ದೊಡ್ಡ ಅಡ್ಡಿ, ನನ್ನ ಲೆಕ್ಕದಲ್ಲಿ, ಹೆಸರಿನದು. ಜರ್ಮನಿಯ ರುಡಾಲ್ಫ್ ವಿರ್ಖೋ 1847ರಲ್ಲಿ ‘ಬಿಳಿ ರಕ್ತ’ ಎಂಬ ಅರ್ಥದ ಲ್ಯುಕೇಮಿಯಾ ಪದ ಬಳಸಿದರು. ಆ ಒಂದು ಹೆಸರಿನಡಿ ಹಲವು ಕಾಯಿಲೆಗಳು ಸೇರಿಕೊಂಡಿವೆ. ಕೆಂಪು ರಕ್ತಕಣ ಮತ್ತು ಹಲವು ಬಿಳಿ ರಕ್ತಕಣಗಳಾಗುವ ಮೈಲಾಯ್ಡ್ ಜೀವಕೋಶಗಳಿಂದ ಹುಟ್ಟುವವು ಒಂದು ಬಗೆ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಾಗುವ ಲಿಂಫಾಯ್ಡ್ ಜೀವಕೋಶಗಳಿಂದ ಹುಟ್ಟುವವು ಇನ್ನೊಂದು ಬಗೆ. ಎಲ್ಲವನ್ನೂ ಒಂದೇ ರಾಶಿ ಹಾಕಿ ಎಣಿಸಿದಾಗ ಧೂಮಪಾನದ ಗುರುತು ಮಸುಕಾಯಿತು. 1988ರಲ್ಲಿ ಅಮೆರಿಕದ ಮಾಜಿ ಸೈನಿಕರ ಅಧ್ಯಯನವೊಂದು ಲ್ಯುಕೇಮಿಯಾಕ್ಕೂ ಸಿಗರೇಟಿಗೂ ಸಂಬಂಧವಿದೆ ಎಂದಿತು. ಬಗೆಗಳನ್ನು ಬಿಡಿಸಿ ನೋಡಿದಷ್ಟೂ ಬೊಟ್ಟು ಮೈಲಾಯ್ಡ್ ಕಡೆಗೇ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರ ಪರಿಶೀಲನೆಯಲ್ಲಿ ಧೂಮಪಾನದಿಂದ ಬರುವ ಕ್ಯಾನ್ಸರುಗಳ ಪಟ್ಟಿಗೆ ಮೈಲಾಯ್ಡ್ ಲ್ಯುಕೇಮಿಯಾವನ್ನು ಸೇರಿಸಿತು. 2004ರ ಸರ್ಜನ್ ಜನರಲ್ ವರದಿ ‘ತೀವ್ರ’, ಅಂದರೆ ವೇಗವಾಗಿ ಬೆಳೆಯುವ, ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಧೂಮಪಾನ ಕಾರಣವೆಂದು ತೀರ್ಮಾನಿಸಿತು.

ಹೊಗೆಯಿಂದ ಮಜ್ಜೆಗೆ ಹೋಗುವ ದಾರಿಯ ಸುಳಿವು ಬೇರೆಲ್ಲೋ ಮೊದಲೇ ಸಿಕ್ಕಿತ್ತು. ಬೆಂಜೀನ್ ಎಂಬ, ಬೇಗ ಆವಿಯಾಗುವ ರಾಸಾಯನಿಕ ಬೆರೆತ ಅಂಟು ಬಳಸುತ್ತಿದ್ದ ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರಲ್ಲಿ ತೀವ್ರ ಲ್ಯುಕೇಮಿಯಾ ಹೆಚ್ಚಿರುವುದನ್ನು ವೈದ್ಯ ಮುಜಾಫರ್ ಅಕ್ಸೋಯ್ 1974ರಲ್ಲಿ ವರದಿ ಮಾಡಿದ್ದರು. ಅದೇ ಬೆಂಜೀನ್ ಸಿಗರೇಟಿನ ಹೊಗೆಯಲ್ಲೂ ಇದೆ. ಶ್ವಾಸಕೋಶದಿಂದ ಅದು ರಕ್ತಕ್ಕೆ ಇಳಿಯುತ್ತದೆ, ಯಕೃತ್ತಿನಲ್ಲಿ ಫೀನಾಲ್, ಹೈಡ್ರೋಕ್ವಿನೋನ್‌ಗಳಾಗಿ ಮಾರ್ಪಡುತ್ತದೆ. ಇವು ಮಜ್ಜೆ ಸೇರಿದಾಗ ಅಲ್ಲಿನ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವವೇ ಅವನ್ನು ಇನ್ನಷ್ಟು ಉಗ್ರವಾದ ಕ್ವಿನೋನ್‌ಗಳಾಗಿ ಬದಲಿಸುತ್ತದೆ. ರಕ್ತಕಣಗಳನ್ನು ಹುಟ್ಟಿಸುವ ಕೋಶಗಳ ಡಿಎನ್ಎ ಮುರಿಯುವುದು ಆಗ. ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ, ವಿಕಿರಣ ಸೂಸುವ ಪೊಲೋನಿಯಂ-210 ಕೂಡ ಹೊಗೆಯಲ್ಲಿವೆ. ಹೀಗಾಗಿ ಪೂರ್ತಿ ಹೊರೆಯನ್ನು ಬೆಂಜೀನ್ ಒಂದರ ತಲೆಗೇ ಕಟ್ಟುವಂತಿಲ್ಲ.

1980ರ ದಶಕದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಧ್ಯಯನಗಳು ಒಂದು ವಿಚಿತ್ರವನ್ನು ಎತ್ತಿ ತೋರಿಸಿದವು. ಗಾಳಿಗೆ ಬೆಂಜೀನ್ ಬಿಡುವುದರಲ್ಲಿ ವಾಹನ, ಕೈಗಾರಿಕೆಗಳದೇ ಸಿಂಹಪಾಲು. ಸಿಗರೇಟಿನದು ಎಣಿಕೆಗೇ ಸಿಗದಷ್ಟು. ಆದರೂ ಆ ದೇಶದ ಜನರ ದೇಹ ಸೇರುತ್ತಿದ್ದ ಬೆಂಜೀನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬರುತ್ತಿದ್ದುದು ಧೂಮಪಾನದಿಂದ. ಕಾರ್ಖಾನೆಯ ಚಿಮಣಿ ಮುಗಿಲಿಗೆ ಉಗುಳಿದ್ದನ್ನು ಗಾಳಿ ಚದುರಿಸುತ್ತದೆ. ಸಿಗರೇಟು ನೇರ ಬಾಯಿಗೇ ಕೊಡುತ್ತದೆ!

ಎಲ್ಲ ಲ್ಯುಕೇಮಿಯಾವನ್ನೂ ಸಿಗರೇಟಿಗೆ ಅಂಟಿಸುವುದು ಮಾತ್ರ ತಪ್ಪು. ಸೇದದವರಿಗೂ ಈ ಕಾಯಿಲೆ ಬರುತ್ತದೆ, ಸೇದುವವರಲ್ಲಿ ಬಹುಪಾಲು ಜನರಿಗೆ ಬರುವುದಿಲ್ಲ. ದೊಡ್ಡವರ ಲಿಂಫಾಯ್ಡ್ ಬಗೆಗಳಲ್ಲಿ ಸಂಬಂಧ ಸ್ಥಿರವಾಗಿ ಕಂಡಿಲ್ಲ. ತಂದೆತಾಯಿಯ ಧೂಮಪಾನಕ್ಕೂ ಮಕ್ಕಳ ಲ್ಯುಕೇಮಿಯಾಕ್ಕೂ ನಂಟಿದೆಯೇ ಎಂಬ ಪ್ರಶ್ನೆಗೆ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಸೀಮಿತ ಪುರಾವೆ’ ಎಂದಷ್ಟೇ ಹೇಳಿದೆ.

ಈಚಿನ ಹುಡುಕಾಟ ಕಾಯಿಲೆಗೂ ಮುಂಚಿನ ಹಂತಕ್ಕೆ ಸರಿದಿದೆ. ವಯಸ್ಸಾದಂತೆ ಕೆಲವರ ಮಜ್ಜೆಯಲ್ಲಿ ರೂಪಾಂತರಗೊಂಡ ಒಂದೇ ಕೋಶದ ಸಂತತಿ ಸದ್ದಿಲ್ಲದೆ ಹಬ್ಬುತ್ತದೆ. ಎಎಸ್ಎಕ್ಸ್ಎಲ್1 ಎಂಬ ಜೀನ್ ಕೆಟ್ಟಿರುವ ಇಂಥ ಸಂತತಿಗಳು ಧೂಮಪಾನಿಗಳಲ್ಲಿ ಹೆಚ್ಚು ಕಾಣುತ್ತವೆ. ಅವರ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಇರಬಹುದು.